ಹನ್ನೊಂದು ವರ್ಷಕ್ಕೆ ಎರಡು ಗೋಲು

ನನಗೆ ಸಿಟ್ಟು ಬರುವುದು ಕಡಿಮೆ. ಬಂದರೆ ಮಾತ್ರ ಹಳೆಯ ನೆಂಟನ ಹಾಗೆ, ಹೊರಡುವ ಮಾತೇ ಆಡುವುದಿಲ್ಲ. ಈ ಸಲದ್ದು ಬಂದು ಮೂರು ವಾರವಾಯಿತು. ಕಾರಣ, ಅಮೆರಿಕದ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿರುವ ಎಕಾರ್ಟ್ ಅಂಕಲ್.

ಎಕಾರ್ಟ್ ಜರ್ಮನಿಯವರು. ಅಲ್ಲಿ ಹನ್ನೊಂದು ವರ್ಷ ಫುಟ್‌ಬಾಲ್ ಆಡಿ, ಮಂಡಿ ಕೈಕೊಟ್ಟ ಮೇಲೆ ನಿವೃತ್ತರಾಗಿ, ಹೆಂಡತಿಯ ಊರಾದ ಹ್ಯೂಸ್ಟನ್ನಿಗೆ ಬಂದವರು. ಈಗ ನನ್ನ ಮಗಳು ಅನ್ವಿತಾಳ ತಂಡದ ಕೋಚ್. ಜರ್ಮನ್ ಮನುಷ್ಯನನ್ನು ಅಂಕಲ್ ಎನ್ನುವವರು ಬೀದಿಗೆಲ್ಲ ನಾವೇ. ಪಾಪ, ಅವರಿಗೂ ರೂಢಿಯಾಗಿದೆ.

ನಮ್ಮ ಕನ್ನಡ ಕೂಟದ ಕ್ರೀಡಾ ದಿನಕ್ಕೆ ಮುಖ್ಯ ಅತಿಥಿ ಬೇಕಾಗಿತ್ತು. ಇವರ ಹೆಸರು ಹೇಳಿದೆ. ಹೆಸರು ಹೇಳಿದವನೇ ಅತಿಥಿಯ ಪರಿಚಯ ಬರೆಯಬೇಕೆಂಬುದು ಕೂಟದ ಪದ್ಧತಿ. ವಿವರ ಕೇಳಹೋದರೆ, ಹುಲ್ಲಿಗೆ ನೀರು ಬಿಡುತ್ತಿದ್ದ ಮನುಷ್ಯ ನಾಚಿಕೊಂಡರು. ಮೈದಾನದ ನಟ್ಟನಡುವೆ ನಿಲ್ಲುವುದು, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ತಮ್ಮವರ ಕಾಲಿಗೆ ಕೊಡುವುದು, ಕೊಟ್ಟು ಮತ್ತೆ ಓಡುವುದು, ಇಷ್ಟೇ ತಮ್ಮ ವೃತ್ತಿ ಎಂದರು. ಹೊಡೆದ ಗೋಲು ಎರಡು. ಅದರಲ್ಲೂ ಒಂದು ಬೆನ್ನಿಗೆ ತಗುಲಿ ಒಳಗೆ ಹೋದದ್ದಂತೆ. ನಾನು ಅದನ್ನೂ ಪ್ರಾಮಾಣಿಕವಾಗಿ ಬರೆದೆ.

ಓದಿದ ನಮ್ಮ ಅಧ್ಯಕ್ಷರು, ಪಾಟೀಲ ಅಂಕಲ್, ಕನ್ನಡಕ ತೆಗೆದರು.

“ಹನ್ನೊಂದ್ ವರ್ಷಕ್ಕ ಎರಡ ಗೋಲೇನ್ರಿ? ಇವರಿಗೆ ಶಾಲು ಹೊದಿಸಿದ್ರ ಮಂದಿ ನಗ್ತಾರ್ರಿ.”

ಸಮಿತಿ ತಲೆಯಾಡಿಸಿತು. ಮರುದಿನವೇ ಡಲ್ಲಾಸಿನ ಇನ್ನೊಬ್ಬರು ಗೊತ್ತಾದರು. ಮನೆ ಮಾರಿಸುವ ಏಜೆಂಟರು, ಕಾಲೇಜಿನಲ್ಲಿ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದವರು. ಸಾಕ್ಷಿ, ಅವರೇ. ಎಕಾರ್ಟ್‌ಗೆ ಬರಬೇಡಿ ಎಂದು ಹೇಳುವ ಕೆಲಸವೂ ನನ್ನ ತಲೆಗೇ ಬಂತು. ಹಾಗಾದರೆ ಟೈ ಕಟ್ಟುವ ಕಷ್ಟ ತಪ್ಪಿತು ಎಂದು ಅವರು ನಕ್ಕರು. ಒಳಗೆ ಕುರ್ಚಿಯ ಮೇಲೆ ಇಸ್ತ್ರಿಯಾದ ಕೋಟು ಕಾಣುತ್ತಿತ್ತು.

ಕುದ್ದುಹೋದೆ. ಸಂಗೀತ ಕಛೇರಿಯಲ್ಲಿ ಮೂರು ಗಂಟೆ ಶ್ರುತಿ ಕಾಯುವ ತಂಬೂರಿಯವರ ಹೆಸರನ್ನು ನಾವು ಕೊನೆಗೆ, ಚಪ್ಪಲಿ ಹುಡುಕುತ್ತಾ ಕೇಳಿಸಿಕೊಳ್ಳುವ ಜನ. ಕುರುಕ್ಷೇತ್ರದಲ್ಲಿ ಬಾಣ ಬಿಟ್ಟವನು ಅರ್ಜುನ, ನಿಜ. ಆದರೆ ರಣರಂಗದ ನಡುವೆ ಕುದುರೆಗಳ ಮೈಗೆ ನೆಟ್ಟ ಬಾಣ ಕಿತ್ತು, ನೀರು ಕುಡಿಸಿ, ಮತ್ತೆ ರಥಕ್ಕೆ ಕಟ್ಟಿದವನು ಯಾರು? ಆ ಕೃಷ್ಣನನ್ನೂ ಪಾಟೀಲ ಅಂಕಲ್ ಎಷ್ಟು ತಲೆ ಉರುಳಿಸಿದಿರಿ ಎಂದು ಕೇಳಿ ವಾಪಸು ಕಳಿಸುತ್ತಿದ್ದರು.

ಇದನ್ನೆಲ್ಲ ಊಟದ ಮುಂದೆ ಮಗಳಿಗೆ ಆವೇಶದಿಂದ ಹೇಳಿದೆ. ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಅಪ್ಪಾ, ಯೂ ಡೂ ದಟ್ ಟೂ.”

ಶನಿವಾರದ ಪಂದ್ಯ ಮುಗಿಸಿ ಅವಳು ಕಾರು ಹತ್ತಿದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆಯಂತೆ: ಎಷ್ಟು ಗೋಲು? ನಮ್ಮಪ್ಪ ಮೈಸೂರಿನಲ್ಲಿ, ಗಣಿತದಲ್ಲಿ ಎಷ್ಟು ಎಂದು ಕೇಳುತ್ತಿದ್ದ ಅದೇ ಧ್ವನಿ ನನ್ನದು. ಅನ್ವಿತಾ ಆಡುವುದೂ ನಡುವೆ, ಅವಳಿಗೆ ಪ್ರಾಣವೂ ಅದೇ ಜಾಗ. ಆದರೂ ತನ್ನನ್ನು ಮುಂದಿನ ಸಾಲಿಗೆ ಹಾಕಿ ಎಂದು ಕೋಚನ್ನು ಕೇಳಿದ್ದಾಳಂತೆ, ನನಗೋಸ್ಕರ. ಪಾಟೀಲರಿಗೆಂದು ಸಾಣೆ ಹಿಡಿದಿದ್ದ ಕತ್ತಿ ನನ್ನ ಕೊರಳಿಗೇ ಅಳತೆಯಾಗಿತ್ತು.

ನಮ್ಮ ಕೂಟದಲ್ಲಿ ಶಾಲು ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ. ಹೊದ್ದವರು ಮುಂದೆ ಇನ್ಯಾರಿಗೋ ಹೊದಿಸುತ್ತಾರೆ. ನನ್ನ ಬೀರುವಿನಲ್ಲೂ ಒಂದಿತ್ತು. ಮುಂದಿನ ಶನಿವಾರ ಪಂದ್ಯ ಮುಗಿದ ಮೇಲೆ, ತಲೆ ಸುಡುವ ಬಿಸಿಲಲ್ಲಿ, ಅದನ್ನು ಎಕಾರ್ಟ್‌ಗೆ ಹೊದಿಸಿ ಪರಿಚಯವನ್ನು ಪೂರ್ತಿ ಓದಿದೆ, ಬೆನ್ನಿನ ಗೋಲು ಸಮೇತ. ಹುಡುಗಿಯರು ಚಪ್ಪಾಳೆ ತಟ್ಟಿದರು. ಎಕಾರ್ಟ್ ಶಾಲಿನ ಅಂಚು ಹಿಡಿದು ಒಂದು ಗಳಿಗೆ ಸುತ್ತ ನೋಡಿದರು. ಆಮೇಲೆ ತೆಗೆದು ಅನ್ವಿತಾಳ ಹೆಗಲಿಗೆ ಹಾಕಿದರು. ಬಂದದ್ದನ್ನು ಇಟ್ಟುಕೊಳ್ಳುವ ಅಭ್ಯಾಸ ಅವರಿಗಿಲ್ಲ.

“ಮಿಡ್‌ಫೀಲ್ಡ್, ಯೆಸ್?” ಎಂದರು.

ಅವಳು ನನ್ನ ಮುಖ ನೋಡಿ, ಅವರಿಗೆ ತಲೆಯಾಡಿಸಿದಳು.

ಕಾರಿನಲ್ಲಿ ಹಳೆಯ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಇವತ್ತು ಯಾರ್ಯಾರಿಗೆ ಚೆಂಡು ಕೊಟ್ಟೆ ಎಂದು ಕೇಳಿದೆ. ಮನೆ ಬಂದರೂ ಅವಳ ಪಟ್ಟಿ ಮುಗಿಯಲಿಲ್ಲ. ಪಾಟೀಲ ಅಂಕಲ್ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ. ಅರ್ಧವನ್ನು ಮಾತ್ರ ನನಗೇ ಪಾಸ್ ಮಾಡಿಕೊಂಡಿದ್ದೇನೆ.