ಎಳೆ ಹರಿದದ್ದು ಕಂಡವಳು

ಶೇಂಗಾ ಹುರಿಯುತ್ತಿದ್ದೆ, ಆಗ ಮಗಳ ಫೋನ್ ಬಂತು. ಸೋಮವಾರ, ಪೂಜೆಯ ವಿಭೂತಿ ಹಣೆಯ ಮೇಲೆ ಇನ್ನೂ ಒಣಗುತ್ತಿತ್ತು. ಅವಳು ಸಂಶೋಧನೆ ಮಾಡುವ ಪ್ರಯೋಗಾಲಯಕ್ಕೆ ಹೊಸದಾಗಿ ಇಬ್ಬರು ಹುಡುಗಿಯರು ಬಂದಿದ್ದಾರಂತೆ. ಅವರಿಗೆ ಕೆಲಸ ಕಲಿಸಿ ಕೈಹಿಡಿದು ನಡೆಸುವ ಹೊಣೆಯನ್ನು ಮೇಡಂ ಇವಳಿಗೇ ಒಪ್ಪಿಸಿದರಂತೆ. "ಛಲೋ ಆತು ಬಿಡವಾ" ಎಂದೆ.

ಎರಡು ವರ್ಷದ ಹಿಂದೆ ಇದೇ ಮಗಳು ಎಲ್ಲ ಬಿಟ್ಟು ನಮ್ಮೂರು ಬನಹಟ್ಟಿಗೆ ಬಂದುಬಿಡುತ್ತೇನೆ ಎಂದು ಅತ್ತಿದ್ದಳು. ಅದಕ್ಕೆ ಅರ್ಧ ಕಾರಣ ನಾನೇ.

ಬಸುರಿ ಹೆಂಗಸರಿಗೆ ಯಾಕೆ ರಕ್ತ ಕಡಿಮೆಯಾಗುತ್ತದೆ ಎಂದು ಹುಡುಕುವ ಕೆಲಸ ಅವಳದು. ಸೇರಿದ ಹೊಸತರಲ್ಲಿ ನಮ್ಮ ಕಡೆಯ ಮಾತು ಕೇಳಿ ಜೊತೆಯವರು ನಗುತ್ತಿದ್ದರು. "ದೊಡ್ಡವರ ಮುಂದ ಬಾಯಿ ತಗೀಬ್ಯಾಡ, ಹೇಳಿದ್ದು ಮಾಡಿ ಸುಮ್ನಿರು" ಎಂದು ನಾನೇ ಬುದ್ಧಿ ಹೇಳಿ ಕಳಿಸಿದ್ದೆ. ಒಂದು ಬೆಳಿಗ್ಗೆ ರಕ್ತದ ಮಾದರಿ ಇಡುವ ಫ್ರೀಜರಿನ ಬಾಗಿಲು ತೆರೆದೇ ಇತ್ತು, ಕೆಲವು ಕೊಳವೆಗಳಲ್ಲಿ ಹೆಪ್ಪುಗಟ್ಟಿಸಿಟ್ಟ ರಕ್ತ ಕರಗಿತ್ತು. ಕಂಡವಳು ಇವಳೊಬ್ಬಳೇ. ಹಿಂದಿನ ಸಂಜೆ ಬಾಗಿಲು ಹಾಕಲು ಮರೆತವನು ಇವಳಿಗಿಂತ ಹಿರಿಯ. ಸುಮ್ಮನೆ ಬಾಗಿಲು ಹಾಕಿ ಬಂದಳು. ತಿಂಗಳಾದರೂ ಹೇಳಲಿಲ್ಲ, ಪರೀಕ್ಷೆಯ ಫಲ ಒಂದಕ್ಕೊಂದು ಹೊಂದದೆ ಎಲ್ಲರೂ ತಲೆ ಕೆಡಿಸಿಕೊಂಡರು. ಈಗ ಹೇಳಿದರೆ ತೆಗೆದುಹಾಕುತ್ತಾರೆ, ಅದಕ್ಕಿಂತ ತಾನೇ ಬಿಡುವುದು ಲೇಸು ಎಂದು ಫೋನಿನಲ್ಲಿ ಬಿಕ್ಕಿದಳು.

ಆಗ ನನಗೆ ಅತ್ತೆ ನೆನಪಾದರು.

ನಾನು ಬೀಳಗಿಯವಳು. ತವರಿನವರು ಮಗ್ಗ ಬಿಟ್ಟು ಅಂಗಡಿ ಇಟ್ಟು ಎರಡು ತಲೆಮಾರಾಗಿತ್ತು. ಮದುವೆಯಾಗಿ ಬಂದಾಗ ಈ ಪಡಸಾಲೆಯಲ್ಲೇ ಕುಣಿಮಗ್ಗ ಇತ್ತು. ಅತ್ತೆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು, ನಾನು ಪಕ್ಕದಲ್ಲಿ ನೂಲು ಸುತ್ತುತ್ತಿದ್ದೆ. ಲಾಳಿಯ ಸಪ್ಪಳ, ಗಂಜಿಯ ವಾಸನೆ, ನಡುನಡುವೆ ಅವರು ಗುನುಗುವ ಶಿವನಾಮ. ಈಗ ಆ ಕುಣಿ ಮುಚ್ಚಿ ಫರಸಿ ಹಾಕಿದ್ದೇವೆ. ಕಸ ಹೊಡೆಯುವಾಗ ಅಲ್ಲಿ ಇಂದಿಗೂ ಕೈ ತಡೆಯುತ್ತದೆ.

ಒಂದು ಮಧ್ಯಾಹ್ನ ಹಾಸಿನಲ್ಲಿ, ಮಗ್ಗಕ್ಕೆ ಉದ್ದಕ್ಕೂ ಬಿಗಿದ ನೂಲಿನಲ್ಲಿ, ಒಂದು ಎಳೆ ಹರಿದದ್ದು ನನ್ನ ಕಣ್ಣಿಗೆ ಬಿತ್ತು. ಹೊಸ ಸೊಸೆ, ಅತ್ತೆಗೆ ಹೇಗೆ ಹೇಳುವುದು? ಸೆರಗು ಎಳೆದುಕೊಂಡು ಕೂತೆ. ಸಂಜೆಗೆ ಸೀರೆಯಲ್ಲಿ ಮೊಳದುದ್ದ ಗೀರು. ನೋಡಿದ್ದೆ ಎಂದು ಒಪ್ಪಿಕೊಂಡಾಗ ಅತ್ತೆ ಬೈಯಲಿಲ್ಲ, ನೇಯ್ದದ್ದನ್ನು ಬಿಚ್ಚುತ್ತ ಹೇಳಿದರು: "ಎಳಿ ಹರದಿದ್ದು ಯಾರು ಕಂಡಾರೋ ಅವ್ರೇ ಮಗ್ಗ ನಿಲ್ಲಸಬೇಕು. ಕೂಸ ಇರ್ಲಿ, ಸೊಸಿ ಇರ್ಲಿ."

ಮರುದಿನ ಬೇಕೆಂದೇ ತಾವೇ ಒಂದು ಎಳೆ ಹರಿದು, ಏನೂ ಅರಿಯದವರಂತೆ ನೇಯತೊಡಗಿದರು. ನಾನು ಚಡಪಡಿಸಿದೆ. "ಕಣ್ಣು ಬಂದಾವು, ಬಾಯಿ ಯಾವಾಗ ಬರ್ತೈತೋ" ಎಂದು ಲಾಳಿಗೆ ಹೇಳಿದರು. ಕೊನೆಗೆ ಕೂಗಿದೆ. ಮಗ್ಗ ನಿಂತಿತು.

ಇದನ್ನೆಲ್ಲ ಮಗಳಿಗೆ ಹೇಳಿದೆ. "ನಾ ಹೇಳಿ ಕಳಿಸಿದ್ದ ತಪ್ಪು. ನಾಳಿ ಹೋಗಿ ಹೇಳು. ತಗದ ಹಾಕಿದ್ರ ಮನಿ ಐತಿ." ಅವಳಿಗೆ ಧೈರ್ಯ ಬರಲಿ ಎಂದು ಶಿವನನ್ನು ಬೇಡಿದೆ. ಕೆಲಸವೂ ಉಳಿಯಲಿ ಎಂದೂ ಬೇಡಿದೆ, ಸುಳ್ಳು ಯಾಕೆ ಹೇಳಲಿ.

ಮೇಡಂ ತಡವಾಗಿ ಹೇಳಿದ್ದಕ್ಕೆ ಗದರಿದರಂತೆ, ತೆಗೆದುಹಾಕಲಿಲ್ಲ. ಕರಗಿದ ಮಾದರಿಗಳನ್ನು ಬಿಟ್ಟು ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡಿಸಿದರು. ಅಂದಿನಿಂದ ವಾರದ ಸಭೆಯಲ್ಲಿ ಎಲ್ಲರಿಗಿಂತ ಕಿರಿಯರೇ ಮೊದಲು ಮಾತಾಡಬೇಕು, ತಮಗೆ ಬಂದ ಭಾಷೆಯಲ್ಲೇ. ಯಾರೂ ನಗುವಂತಿಲ್ಲ. ನಮ್ಮ ಅತ್ತೆಯನ್ನು ಆ ಮೇಡಂ ಕಂಡವರಲ್ಲ.

ಇವತ್ತು ಫೋನ್ ಇಡುವ ಮುಂಚೆ ಮಗಳು ಕೇಳಿದಳು: ಹೊಸಬರಲ್ಲಿ ಒಬ್ಬಳು ತಾಂಡಾದಿಂದ ಬಂದವಳು, ತುಟಿ ಬಿಚ್ಚುವುದಿಲ್ಲ. "ಏನ್ ಮಾಡ್ಲಿ ಬೇ ಯವ್ವಾ?"

"ನಿಮ್ಮ ಆಯಿ ನನ್ನ ಮುಂದ ಮಗ್ಗದಾಗ ಮಾಡಿದ್ದ ಮಾಡು. ಬೇಕಂತನ ಒಂದು ತಪ್ಪ ಮಾಡಿ ಆಕಿ ಮುಂದ ಕೂಡು."

ನಕ್ಕಳು. ಆ ನಗು ಥೇಟ್ ಅತ್ತೆಯದು.

ಮಾತಿನ ಭರದಲ್ಲಿ ಹಿಡಿಯಷ್ಟು ಶೇಂಗಾ ಕಪ್ಪಾಗಿತ್ತು. ಉಳಿದದ್ದು ದೇವರ ದಯೆಯಿಂದ ಹದವಾಗಿತ್ತು. ಮೊರಕ್ಕೆ ಸುರಿದುಕೊಂಡು, ಸಿಪ್ಪೆ ಉಜ್ಜಿ ಕೇರಲು ಕೂತೆ.