ಬಿಳಿ ವಸ್ತ್ರದಡಿಯ ಗಂಟೆ

ಎಂಬತ್ತರ ದಶಕದ ಮೊದಲ ವರ್ಷಗಳು. ಪುಟ್ಟ ಮಕ್ಕಳ ಬುದ್ಧಿ, ಭಾವನೆ ಹೆಂಗೆ ಬೆಳೀತಾವೆ ಅಂತ ತಿಳಿಯೋ ಸಂಶೋಧನೆ ನನ್ನದು. ಚನ್ನಗಿರಿಯಲ್ಲಿ ಬಸ್ಸು ಹತ್ತಿ ಸೂಳೆಕೆರೆ ಸುತ್ತಿನ ಊರುಗಳಿಗೆ ಹೋಗುತ್ತಿದ್ದೆ. ಚೀಲದ ತುಂಬ ಗಿಲಕಿ, ಗೊಂಬೆ, ಮರದ ತುಂಡು. "ಬಳೆ ಮಾರಾಕೆ ಹೊಂಟ್ರೇನಕ್ಕಾ?" ಅನ್ನುತ್ತಿದ್ದ ಕಂಡಕ್ಟರು. "ನಿನ್ನ ಬುದ್ಧಿ ಅಳೆಯಾಕಪ್ಪಾ, ಮೊದ್ಲು ಚಿಲ್ಲರೆ ಕೊಡು" ಅನ್ನುತ್ತಿದ್ದೆ. ನನ್ನ ಬಾಯಿ ಆಗಲೂ ಹಿಂಗೇ.

ಒಂದು ಮನೆಯ ಬಾಗಿಲಲ್ಲೇ ತಾಯಿಯೊಬ್ಬಳು ನನ್ನ ಕೈ ಹಿಡಿದಳು. ಹುಟ್ಟಿದಾಗ ಮಗು ತಡವಾಗಿ ಅತ್ತಿತ್ತಂತೆ. ಅವತ್ತಿನಿಂದ ನೆಂಟರೆಲ್ಲ, ಅದರಲ್ಲೂ ಪಕ್ಕದ ಮನೆಯ ದೊಡ್ಡಮ್ಮ, "ಕೂಸು ಮಂಕು" ಅಂತ ಅಂದು ಅಂದು ಅವಳನ್ನು ಹಣ್ಣು ಮಾಡಿದ್ದರು.

"ನಿಜ ಹೇಳ್ರಿ ಅಕ್ಕಾ, ನನ್ನ ಮಗಳಿಗೆ ಬುದ್ಧಿ ಐತೋ ಇಲ್ಲೋ?"

"ಅಂದೋರಿಗೆ ಐತೇನು, ಮೊದ್ಲು ಅದನ್ನ ಕೇಳು" ಅಂದೆ. ಮೈಯೆಲ್ಲ ಉರಿದಿತ್ತು ನನಗೆ.

ವರ್ಷ ದಾಟಿದ ಹುಡುಗಿ, ಕೆನ್ನೆ ಮೇಲೆ ದೊಡ್ಡ ದೃಷ್ಟಿಬೊಟ್ಟು. ಪರೀಕ್ಷೆ ಸುಲಭದ್ದು. ಮಗುವಿನ ಕಣ್ಣೆದುರೇ ಆಟದ ಸಾಮಾನಿಗೆ ಬಟ್ಟೆ ಮುಚ್ಚಬೇಕು. ಕಾಣದಿದ್ದರೂ ಅದು ಅಲ್ಲೇ ಐತೆ ಅಂತ ತಿಳಿದ ಮಗು ಬಟ್ಟೆ ಎಳೆಯುತ್ತೆ. ಚೀಲದಿಂದ ಕಿಣಿಕಿಣಿ ಗಂಟೆ ತೆಗೆದು ಅಲ್ಲಾಡಿಸಿ, ಕೆಳಗಿಟ್ಟು, ಒಗೆದ ಬಿಳಿ ವಸ್ತ್ರ ಹೊದಿಸಿದೆ.

ಮಗು ಎರಡೂ ಕೈ ಎದೆಗೆ ತಂದುಕೊಂಡು ಸುಮ್ಮನೆ ಕೂತಿತು. ಇನ್ನೊಮ್ಮೆ ಮಾಡಿದೆ. ಮತ್ತೆ ಅದೇ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಮಗುವಿನ ಅಜ್ಜ ಹಿತ್ತಲಿಂದ ಒಳಗೆ ಬಂದರು, ಹಣೆ ತುಂಬ ವಿಭೂತಿ. ಒಂದು ಗಳಿಗೆ ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಗಾಕೆ ಹತ್ತಿದರು.

"ಅಯ್ಯೋ ನಮ್ಮವ್ವಾ! ದಿನಾ ಗಂಟೆ ಬಾರಿಸಿ ಪೂಜೆ ಮುಗಿಸಿ, ಪೂಜೆ ಸಾಮಾನಿಗೆ ನಾನು ಬಿಳಿ ವಸ್ತ್ರ ಮುಚ್ತೀನ್ರಿ. ಮುಟ್ಟಬಾರ್ದು, ಕೈ ಮುಗೀಬೇಕು ಅಂತ ನಾನೇ ಕಲಿಸೀನಿ ಇವಳಿಗೆ!"

ಹೌದಲ್ಲ! ಮಗು ಆಗಿನಿಂದ ಕೈ ಮುಗಿದುಕೊಂಡೇ ಕೂತಿತ್ತು.

ವಸ್ತ್ರ ತೆಗೆದು ಪಕ್ಕಕ್ಕಿಟ್ಟು, ನನ್ನ ಹೂವಿನ ಕರ್ಚೀಫು ಹೊದಿಸಿದೆ. ಕೈ ಹಿಂದಕ್ಕೆ ತೆಗೆಯೋದರೊಳಗೆ ಸರ್ರನೆ ಎಳೆದು, ಗಂಟೆ ಹಿಡಿದು, ಇರೋ ನಾಲ್ಕು ಹಲ್ಲು ತೋರಿಸಿ ಕೇಕೆ ಹಾಕಿತು ನೋಡಿ! ತಾಯಿ ಬೀದಿಗೇ ಓಡಿದಳು. "ಬರ್ರೇ ಎಲ್ಲಾರೂ! ನನ್ನ ಮಗಳನ್ನ ಮಂಕು ಅಂದೋರೆಲ್ಲ ಬಂದು ನೋಡ್ರೇ!" ಅಳುತ್ತಲೇ ನಗುತ್ತಿದ್ದಳು. ನನಗಂತೂ ಎದ್ದು ಕುಣಿಯೋಣ ಅನ್ನಿಸಿತು.

ಪಡಸಾಲೆ ತುಂಬ ಹೆಂಗಸರು ಬಂದು ನಿಂತರು. ಮಗು ಗಂಟೆಯನ್ನು ಕೆಳಗಿಟ್ಟು, ಆ ಬಿಳಿ ವಸ್ತ್ರ ಎಳೆದು ತಂದು ಅದರ ಮೇಲೆ ಹಾಕಿ, ಎಲ್ಲರ ಮುಖವನ್ನೂ ದಿಟ್ಟಿಸಿ ನೋಡಿತು.

ಮೊದಲು ಕೈ ಮುಗಿದವಳು ಪಕ್ಕದ ಮನೆಯ ದೊಡ್ಡಮ್ಮ.