ಮುಳುಗಿದ ಹಡಗಿಗೆ ನಮ್ಮ ಮನೆಯ ಎಡೆ

ರಾಮನಾಥಪುರದ ಹತ್ತಿರ ನಮ್ಮ ಮಾವನ ಮನೆ. ಮದುವೆಯಾಗಿ ಹೋದ ಮೊದಲ ವರ್ಷ ಪಕ್ಷದ ಹಬ್ಬದಲ್ಲಿ ನಾನು ಎಡೆಯ ಎಲೆಗಳನ್ನು ಎಣಿಸಿದೆ. ಮನೆಯಲ್ಲಿ ತೀರಿಹೋದ ಹಿರಿಯರು ನಾಲ್ಕು ಜನ, ಹಾಸಿದ ಬಾಳೆ ಎಲೆ ಐದು. ನಾಲ್ಕರಲ್ಲಿ ಅವರವರಿಗೆ ಬದುಕಿದ್ದಾಗ ಇಷ್ಟವಾಗಿದ್ದದ್ದೆಲ್ಲ ಇತ್ತು. ತಾತನಿಗೆ ಮಟನ್ ಸಾರು, ಒಂದು ಕಟ್ಟು ಬೀಡಿ. ಅಜ್ಜಿಗೆ ಕಜ್ಜಾಯ, ಎಲೆಅಡಿಕೆ. ಮೂಲೆಯ ಐದನೇ ಎಲೆಯಲ್ಲಿ ಮಾತ್ರ ಅರಕಲಗೂಡಿನ ಬೇಕರಿಯಿಂದ ತಂದ ಬ್ರೆಡ್ಡು, ಒಂದು ಪ್ಯಾಕು ಸಿಗರೇಟು. ಬ್ರೆಡ್ಡಿನ ಪ್ಲಾಸ್ಟಿಕ್ ಕವರನ್ನು ಯಾರೂ ಬಿಚ್ಚಿರಲಿಲ್ಲ. ಸತ್ತವರು ಅದನ್ನು ಹೇಗೆ ತಿನ್ನಬೇಕು ಅಂತ ಪೂಜೆ ಮುಗಿಯುವತನಕ ನನಗೆ ಅದೇ ಯೋಚನೆ.

ಗಂಡನನ್ನು ಕೇಳಿದರೆ, ಅಪ್ಪನ ಯಾರೋ ಸ್ನೇಹಿತರಿಗಂತೆ ಅಂದರು. ಯಾವ ಸ್ನೇಹಿತರು ಅಂತ ಅವರೂ ಯಾವತ್ತೂ ಕೇಳಿರಲಿಲ್ಲ.

ಎರಡನೇ ವರ್ಷ ಮಾವನೇ ಅಡುಗೆಮನೆ ಬಾಗಿಲಿಗೆ ಬಂದು, ಬಿಳೀ ಜನ ಏನು ತಿಂತಾರವ್ವ ಅಂತ ಕೇಳಿದರು. ನಾನು ಹಾಸನದ ಕಾನ್ವೆಂಟಿನಲ್ಲಿ ಓದಿದವಳು. ಆ ಮನೆಯಲ್ಲಿ ಇಂಗ್ಲಿಷು, ಕೇಕು, ಥರ್ಮಾಮೀಟರು ಎಲ್ಲ ನನ್ನ ಪಾಲಿಗೆ ಸೇರಿದ್ದು. ನಮಗೆ ಪಾಠ ಹೇಳಿದ ಸಿಸ್ಟರುಗಳೆಲ್ಲ ಮಂಗಳೂರು, ಕೇರಳದವರು, ಚೆನ್ನಾಗಿ ಖಾರ ಹಾಕಿದ ಮೀನುಸಾರು ಉಣ್ಣುವವರು. ಆದರೂ ಗೊತ್ತಿಲ್ಲ ಅನ್ನಲು ಮನಸ್ಸು ಬರಲಿಲ್ಲ. ಬೆಣ್ಣೆ, ಬೇಯಿಸಿದ ಆಲೂಗಡ್ಡೆ, ಖಾರ ಹಾಕದ ಮಾಂಸ ಅಂದುಬಿಟ್ಟೆ. ಅವತ್ತಿನಿಂದ ಪ್ರತಿ ಪಕ್ಷಕ್ಕೂ ಅತ್ತೆಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡುವ ಕೆಲಸ ಬಿತ್ತು. ಯಾರಿಗೆ ಅಂತ ಅವರೂ ಕೇಳಲಿಲ್ಲ. ಸತ್ತವರ ವಿಷಯ ಕೆದಕಬಾರದು ಅನ್ನುವವರು ಅವರು. ನನ್ನನ್ನು ಮಾತ್ರ ಒಲೆ ಊದುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ಹೋದ ವರ್ಷ ಪಕ್ಷ ಕಳೆದ ಸ್ವಲ್ಪ ದಿನಕ್ಕೆ ಮಾವನಿಗೆ ಹರ್ನಿಯಾ ಕಾಣಿಸಿತು. ಅಷ್ಟರಲ್ಲಿ ಹಾಸನದಲ್ಲಿ ಮನೆ ಮಾಡಿದ್ದ ನಾವು ಅವರನ್ನು ಅಲ್ಲಿಗೆ ಕರೆತಂದು ಡಾಕ್ಟರಿಗೆ ತೋರಿಸಿದೆವು. ಅವರು ಹೊಟ್ಟೆ ಒತ್ತಿ ನೋಡಿ, ಹಿಂದೆ ಯಾವಾಗಲಾದರೂ ತುಂಬಾ ಭಾರ ಎತ್ತಿದ್ರಾ ಯಜಮಾನ್ರೇ ಅಂತ ಎಲ್ಲರನ್ನೂ ಕೇಳುವಂತೆಯೇ ಕೇಳಿದರು. ಮಾವ ಎದ್ದು ಅಂಗಿಯ ಗುಂಡಿಗಳನ್ನು ಒಂದೊಂದು ಕಾಜಾ ತಪ್ಪಿಸಿ ಹಾಕಿಕೊಂಡು, ಆಪರೇಷನ್ ಬೇಡ ಅಂದುಬಿಟ್ಟರು. ತಡ ಮಾಡಿದರೆ ಕರುಳು ಸಿಕ್ಕಿಕೊಂಡು ಪ್ರಾಣಕ್ಕೇ ಸಂಚಕಾರ ಅಂತ ಡಾಕ್ಟರು ಹೇಳಿದರು. ಮನೆಗೆ ಬಂದ ಮೇಲೆ ನನ್ನ ಗಂಡ ಗದರಿದರು, ಬೇಡಿಕೊಂಡರು. ಮಾವ ಗೋಡೆ ಕಡೆ ತಿರುಗಿ ಮಲಗಿದರು.

ಮಾರನೇ ಬೆಳಿಗ್ಗೆ ನಾನು ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಮಾವ ಬಂದು ಎದುರಿಗೆ ಕೂತರು. ನಿಮ್ಮ ಇಸ್ಕೂಲಿನ ಚರ್ಚಲ್ಲಿ ತಪ್ಪು ಒಪ್ಪಿಕೊಳ್ಳೋಕೆ ಒಂದು ಮರದ ಗೂಡು ಇರುತ್ತಲ್ಲ, ಅದರೊಳಗೆ ಹೋಗಿ ಏನನ್ನಬೇಕು ಅಂತ ಕೇಳಿದರು. ನಾವು ಹಿಂದೂ ಹುಡುಗಿಯರು ಅದರೊಳಗೆ ಹೋಗ್ತಿರಲಿಲ್ಲ ಮಾವ, ಅಂದೆ. ಪರವಾಗಿಲ್ಲ, ನೀನೇ ಕೇಳಿಸ್ಕೋ ಅಂತ ಶುರು ಮಾಡಿದರು.

ಸೋವಿಯತ್ ದೇಶ ಇನ್ನೂ ಒಡೆಯದಿದ್ದ ಕಾಲವಂತೆ. ನಮ್ಮ ಕಡೆಯ ಹೊಗೆಸೊಪ್ಪು ರಾಮನಾಥಪುರದಲ್ಲಿ ಹರಾಜಾಗಿ ರಷ್ಯಕ್ಕೆ ಹೋಗುತ್ತೆ ಅಂತ ಎಲ್ಲರಿಗೂ ಹೆಮ್ಮೆ. ಒಂದು ವರ್ಷ ಮಾವ ತೂಕ ಹೆಚ್ಚಲಿ ಅಂತ, ಸೊಪ್ಪನ್ನು ಮೂಟೆ ಮಾಡಿ ಬೇಲು ಕಟ್ಟುವಾಗ ಅದರ ನಟ್ಟನಡುವೆ ಅತ್ತೆಯ ಒರಳಿನ ಗುಂಡುಕಲ್ಲು ಇಟ್ಟು ಗೋಣಿ ಹೊಲಿದುಬಿಟ್ಟರು. ಗಾಡಿಗೆ ಎತ್ತುವಾಗ ಸೊಂಟ ಉಳುಕಿತು. ಹರಾಜಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕೆಲವು ತಿಂಗಳಾದ ಮೇಲೆ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬೋಂಡ ತಿಂದು, ಅದನ್ನು ಕಟ್ಟಿಕೊಟ್ಟಿದ್ದ ಪೇಪರನ್ನು ಓದಿದರು. ಸೋವಿಯತ್ ಸರಕು ಹಡಗು ಮಂಜುಗಡ್ಡೆಗೆ ಸಿಕ್ಕಿ ಮುಳುಗಿತು ಅಂತ ತಲೆಬರಹ. ಅದರ ಕೆಳಗೆ ಎಣ್ಣೆ ಹೀರಿ, ಹಿಂದಿನ ಪುಟದ ಅಕ್ಷರಗಳು ಮುಂದಕ್ಕೆ ಮೂಡಿ, ಹಡಗಿನ ಸುದ್ದಿಯೊಳಗೆ ಯಾವುದೋ ಟೆಂಡರಿನ ಜಾಹೀರಾತು ಬೆರೆತುಹೋಗಿತ್ತು. ಹಡಗಿನಲ್ಲಿದ್ದವರು ಏನಾದರೋ ತಿಳಿಯಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ರಷ್ಯದ ಹಡಗು ನಿನಗ್ಯಾಕಯ್ಯ ಅನ್ನುತ್ತಾರೆ. ಎಲ್ಲರೂ ಸತ್ತೇ ಹೋದರು ಅಂದುಕೊಂಡು, ಆ ವರ್ಷದ ಪಕ್ಷದಿಂದಲೇ ಅವರಿಗೆ ಮೂಲೆಯಲ್ಲಿ ಒಂದು ಎಲೆ ಹಾಕತೊಡಗಿದರಂತೆ.

"ನನ್ ಗುಂಡ್ಕಲ್ಲೇ ಕಣವ್ವ ಆ ಅಡಗು ಮುಳುಗ್ಸಿದ್ದು," ಅಂದರು ಮಾವ. "ಅಷ್ಟ್ ಜನದ ಪ್ರಾಣ ತಗ್ದೋನು, ಯಾವ್ ಮಕ ಇಟ್ಕೊಂಡು ನನ್ ಪ್ರಾಣ ಉಳಿಸ್ಕೊಳ್ಳಿ?"

ನಗು ಒತ್ತರಿಸಿಕೊಂಡು ಬಂತು. ದಂಟು ಮುರಿಯುವ ನೆಪದಲ್ಲಿ ತಲೆ ತಗ್ಗಿಸಿದೆ. ಆಗ ಅವರ ಕೈ ಕಣ್ಣಿಗೆ ಬಿತ್ತು. ಉದುರಿದ ಸೊಪ್ಪಿನೆಲೆಗಳನ್ನು ಒಂದೊಂದೇ ಆರಿಸಿ, ಹರಾಜಿನ ಹೊಗೆಸೊಪ್ಪಿನ ಹಾಗೆ ಒಂದರ ಮೇಲೊಂದು ಜೋಡಿಸುತ್ತಿದ್ದರು.

ಎದ್ದು ಸಿಂಕಿಗೆ ನೀರು ತುಂಬಿಸಿ, ಸ್ಟೀಲ್ ಬಟ್ಟಲೊಂದನ್ನು ತೇಲಿಬಿಟ್ಟು, ಅಳಗುಳಿ ಆಡಲು ಇಟ್ಟಿದ್ದ ಹುಣಸೆಬೀಜ ಒಂದನ್ನು ಅದಕ್ಕೆ ಹಾಕಿದೆ. ಬಟ್ಟಲು ಅಲ್ಲಾಡಲಿಲ್ಲ. ಹಡಗಿಗೆ ನಿಮ್ಮ ಕಲ್ಲು ಇಷ್ಟೇ ಮಾವ, ಅಂದೆ. ಅವರು ಸ್ವಲ್ಪ ಹೊತ್ತು ನೋಡಿ ಬೀಜದ ಡಬ್ಬಿ ಈಸಿಕೊಂಡರು. ಆ ವರ್ಷ ಊರಲ್ಲಿ ನಾನೊಬ್ಬನೇ ಕಲ್ಲು ಹಾಕಿದ್ದು ಅಂದುಕೊಂಡೆಯಾ ಅನ್ನುತ್ತಾ, ಒಂದೊಂದು ಮನೆಯ ಗುರುತು ಹೇಳಿ ಒಂದೊಂದು ಬೀಜ ಹಾಕತೊಡಗಿದರು. ಬಾವಿ ಪಕ್ಕದ ಮನೆಯವನು. ಮೂಲೆ ಮನೆ ಅಣ್ಣತಮ್ಮಂದಿರು, ಅವರಿಬ್ಬರೂ ಮಾತಾಡುತ್ತಿರಲಿಲ್ಲ, ಅದಕ್ಕೆ ಎರಡು ಬೀಜ. ಪಕ್ಕದ ಹಳ್ಳಿಗೆ ಬರುವಷ್ಟರಲ್ಲಿ ಬಟ್ಟಲು ಓರೆಯಾಗಿ, ಗುಳುಕ್ ಅಂತ ತಳ ಸೇರಿತು. ಮಾವ ಪಂಚೆಗೆ ಕೈ ಒರೆಸಿಕೊಂಡರು.

ಗಂಡನಿಗೆ ಫೋನು ಮಾಡಿದೆ. ಸೊಪ್ಪು ಕೊಂಡವರು ಕಾರ್ಖಾನೆಯಲ್ಲಿ ಬೇಲು ಬಿಚ್ಚಿ ಮತ್ತೆ ಕಟ್ಟುತ್ತಾರೆ, ಕಲ್ಲು ಅಲ್ಲೇ ಬಿದ್ದಿರುತ್ತೆ ಅಂದರು. ಅದನ್ನು ಹೇಳಿದರೆ ಮಾವನ ಹತ್ತಿರ ಉತ್ತರ ತಯಾರಿತ್ತು. ಕಲ್ಲು ಸಿಕ್ಕಿದ್ದರೆ ಬೈಯಲು ಯಾರನ್ನಾದರೂ ಕಳಿಸುತ್ತಿದ್ದರು, ಇಷ್ಟು ವರ್ಷವಾದರೂ ಒಬ್ಬನೂ ಬಂದು ಬೈದಿಲ್ಲವಲ್ಲ ಅಂದರು.

ಕೊನೆಗೆ ಫೋನಿನಲ್ಲಿ ಹುಡುಕಿದೆ. ಹಡಗುಗಳು ಇಷ್ಟು ಸಲೀಸಾಗಿ ಮುಳುಗುತ್ತವೆ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಸೊಪ್ಪು ಬೇಯುವಷ್ಟರಲ್ಲಿ ಆ ಕಾಲಕ್ಕೂ ಆ ಮಂಜುಗಡ್ಡೆಗೂ ಹೊಂದುವ ಒಂದು ಹಡಗು ಸಿಕ್ಕಿತು. ನಮ್ಮ ದೇಶದ ಹತ್ತಿರಕ್ಕೂ ಬಂದದ್ದಲ್ಲ. ಅದರ ತುಂಬಾ ಮರದ ದಿಮ್ಮಿ. ಹೆಲಿಕಾಪ್ಟರು ಬಂದು ಎಲ್ಲರನ್ನೂ ಎತ್ತಿಕೊಂಡು ಹೋಗಿತ್ತು.

ಮಾವ ಎಲ್ಲರೂ ಅಂದರೆ ಎಲ್ಲರೂನಾ ಅಂತ ಕೇಳಿದರು. ಅಡುಗೆಯವನೂ ಸೇರಿ ಮಾವ, ಅಂದೆ. ಅವರ ಮುಖ ಅರಳಿದ್ದನ್ನು ನೋಡಿ ಡಾಕ್ಟರಿಗೆ ಫೋನು ಮಾಡಲು ಎದ್ದೆ. ನಂಬರು ಒತ್ತುವಷ್ಟರಲ್ಲಿ ಹಿಂದಿನಿಂದ ದನಿ ಕೇಳಿತು.

"ಅಂಗಾರೆ ಇಷ್ಟ್ ವರ್ಷ ನಾನು ಬದುಕಿರೋರ್ಗೆ ಎಡೆ ಇಟ್ನಾ?"

ಬದುಕಿರುವವರಿಗೆ ಎಡೆ ಇಡುವುದೆಂದರೆ ಬೇಗ ಸಾಯಿ ಅಂದ ಹಾಗೆ. ಸಮುದ್ರದಿಂದ ಪಾರಾದವರನ್ನು ಮನೆಯಲ್ಲಿ ಕೂತು ವರ್ಷ ವರ್ಷ ಕೊಂದಿದ್ದೇನೆ ಅಂತ ಮಾವ ಮತ್ತೆ ಗೋಡೆ ಕಡೆ ತಿರುಗಿದರು. ಆ ಎಡೆಗೆ ಬೆಣ್ಣೆ, ಆಲೂಗಡ್ಡೆ ಸೇರಿಸಿದವಳು ನಾನು ತಾನೇ. ನನಗೂ ಅನ್ನ ಸೇರಲಿಲ್ಲ.

ಅತ್ತೆಯನ್ನು ಕರೆಸಿದೆವು. ಅವರು ಅರಕಲಗೂಡಿನ ಮೇಲೆ ಎರಡು ಬಸ್ಸು ಬದಲಿಸಿ, ಒಂದು ಚೀಲ ಬದನೆಕಾಯಿ ಹಿಡಿದು ಬಂದರು. ಅವರಿಗೆ ನಾನೇ ಎಲ್ಲ ಹೇಳಿದೆ. ಹಡಗು ಮುಳುಗಿದ್ದಕ್ಕೆ ಅತ್ತೆ ಹೂಂ ಅಂದರು, ರಷ್ಯದವರಿಗೆ ಹೂಂ ಅಂದರು. ಗುಂಡುಕಲ್ಲಿಗೆ ಬಂದಾಗ ಕೈಯಲ್ಲಿದ್ದ ಬದನೆಕಾಯಿ ಕೆಳಗಿಟ್ಟರು. ಆ ಕಲ್ಲನ್ನು ಪಕ್ಕದ ಮನೆಯ ವಾರಗಿತ್ತಿಯೇ ಕದ್ದಳು ಅಂತ ಎರಡು ವರ್ಷ ಅವಳ ಜೊತೆ ಮಾತು ಬಿಟ್ಟಿದ್ದರಂತೆ, ಅವಳ ಮಗಳ ಮದುವೆಗೂ ಹೋಗಿರಲಿಲ್ಲವಂತೆ. ಅರ್ಧ ಗಂಟೆ ಮಾವನಿಗೆ ಮಂಗಳಾರತಿಯಾಯಿತು. ಆಮೇಲೆ ಅತ್ತೆ ನೀರು ಕುಡಿದು ಮಂಚದ ತುದಿಯಲ್ಲಿ ಕೂತರು.

"ಕಾಗೆ ತಲೆ ಮುಟ್ಟುದ್ರೆ ಏನ್ ಮಾಡ್ತೀವಿ ದೊರೆ? ಸತ್ತೋದ ಅಂತ ನೆಂಟ್ರುಗೆ ಸುಳ್ ಸುದ್ದಿ ಕಳಿಸ್ತೀವಿ. ಅವ್ರು ಒಂದ್ ಗಳಿಗೆ ಅತ್ರೆ ಗಂಡಾಂತ್ರ ಕಳೀತದೆ, ಆಯಸ್ಸು ಗಟ್ಟಿ ಆಯ್ತದೆ. ನೀನು ಒಂದ್ ಸತಿ ಅಲ್ಲ, ವರ್ಸ ವರ್ಸ ಅವ್ರು ಸತ್ರು ಅಂತ ಅತ್ತಿದೀಯ. ಅವ್ರು ಇನ್ನೂ ನೂರ್ ವರ್ಸ ಸಾಯಾಕಿಲ್ಲ, ಏಳು."

ಮಾವ ನಿಧಾನವಾಗಿ ಈ ಕಡೆ ತಿರುಗಿದರು. ಹೌದಾ ಅನ್ನುವ ಹಾಗೆ ನನ್ನ ಮುಖ ನೋಡಿದರು. ಕಾನ್ವೆಂಟಿನಲ್ಲಿ ಸುಳ್ಳು ಹೇಳಬಾರದು ಅಂತ ನೂರು ಸಲ ಬರೆದವಳು ನಾನು. ಹೌದು ಮಾವ, ಅಂದೆ. ಮಾವ ಕನ್ನಡಕ ಹಾಕಿಕೊಂಡು, ಡಾಕ್ಟರಿಗೆ ಫೋನು ಮಾಡವ್ವ ಅಂದರು.

ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಾಗ, ಕಾಗೆಯ ಮಾತು ಹಡಗಿನವರಿಗೂ ಅನ್ವಯಿಸುತ್ತಾ ಅತ್ತೆ ಅಂತ ಮೆಲ್ಲಗೆ ಕೇಳಿದೆ. ನನಗೇನು ಗೊತ್ತು, ನಿನಗೆ ಬೇರೆ ದಾರಿ ಗೊತ್ತಿದ್ದರೆ ನೀನೇ ಹೇಳಬೇಕಿತ್ತು ಅಂತ ಅತ್ತೆ ಸೆರಗಿನ ತುದಿ ಕಿವಿಗೆ ಸುತ್ತಿಕೊಂಡರು. ಎ.ಸಿ. ಗಾಳಿ ಅವರಿಗೆ ಆಗುವುದಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೇ ದಿನ ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ವಾರ್ಡಿಗೆ ಹೋದರೆ, ಮಾವ ದಿಂಬಿಗೆ ಒರಗಿ ಪಕ್ಕದ ಮಂಚದವರಿಗೆ ಕಥೆ ಹೇಳುತ್ತಿದ್ದರು. ಅವರು ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ. ಕಥೆಯಲ್ಲಿ ಗುಂಡುಕಲ್ಲು ಇರಲೇ ಇಲ್ಲ. ಸಮುದ್ರದಲ್ಲಿ ಮುಳುಗುತ್ತಿದ್ದ ಅಷ್ಟೂ ಜನ ರಷ್ಯದವರ ಆಯಸ್ಸನ್ನು ರಾಮನಾಥಪುರದಿಂದಲೇ ಹಿಡಿದು ನಿಲ್ಲಿಸಿದ್ದು ಹೇಗೆ ಅಂತ ಹೇಳುತ್ತಿದ್ದರು. ವ್ಯಾಪಾರಿ ಬಾಯಿ ತೆರೆದು ಕೇಳಿ, ತನ್ನ ಭಾವನಿಗೆ ಯಾಕೋ ಮೈ ನೆಟ್ಟಗಿಲ್ಲ, ಮುಂದಿನ ಪಕ್ಷಕ್ಕೆ ಅವನ ಹೆಸರಿನಲ್ಲೂ ಒಂದು ಎಲೆ ಹಾಕ್ತೀರಾ ಯಜಮಾನ್ರೇ ಅಂತ ಕೇಳಿದರು.

ಮಾವ ಗಂಭೀರವಾಗಿ ನನ್ನ ಕಡೆ ತಿರುಗಿ, ಅವರ ಭಾವ ಖಾರ ತಿಂತಾರಾ ಕೇಳಿ ಬರೆದುಕೋ ಅಂದರು.